ಕುಂತಲ್ಲೇ ಲಿಂಗಸುಗೂರು: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಹೋಗದೇ ಹೋಗುವ ಯಂತ್ರವೊಂದನ್ನು ನೀವು ಮನೆಗೆ ತಂದಿದ್ದೀರಿ. ಇನ್ನು ಮೇಲೆ ಸಿಂಧನೂರಿನ ಮಹಡಿ ಕೋಣೆಯಲ್ಲಿ ಸೈಕಲ್ ಸೀಟು ಏರಿ, ಮಸ್ಕಿ ಹಾಯ್ದು, ಲಿಂಗಸುಗೂರು ಮುಟ್ಟಿ, ಅದೇ ಮಹಡಿ ಕೋಣೆಯಲ್ಲಿ ಇಳಿಯಬಹುದು. ನಡುವೆ ಭತ್ತ ಹೇರಿದ ಟ್ರಾಕ್ಟರ್ ಇಲ್ಲ, ರಸ್ತೆಗೆ ಹರವಿದ ಕಾಳು ಇಲ್ಲ, ಬೆನ್ನಟ್ಟುವ ನಾಯಿ ಇಲ್ಲ.

ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯಲ್ಲಿ ಹನ್ನೊಂದು ಭಾಷೆಗಳಿದ್ದವು. ಫಿನ್ಲೆಂಡಿನವರಿಗೂ ಒಂದು ಪುಟ ಕೊಟ್ಟಿದ್ದರು. ಕನ್ನಡ ಇರಲಿಲ್ಲ. ಇದ್ದಿದ್ದರೂ "ನಿಮ್ಮ ಸಾಧನವನ್ನು ಆನಂದಿಸಿ" ಎಂಬಂಥ ಕನ್ನಡವೇ ಇರುತ್ತಿತ್ತು. ಹಾಗಾಗಿ ಎರಡು ವರ್ಷ ಈ ಯಂತ್ರದ ಮೇಲೆ ಬೆವರು ಸುರಿಸಿ, ದೂರದ ಲೆಕ್ಕದಲ್ಲಿ ಮೂರು ಸಲ ಮೋಸಹೋದವನಾಗಿ ನಾನೇ ಒಂದು ಬರೆದಿದ್ದೇನೆ. ಜೋಡಿಸುವ ಮೊದಲು ಓದಿ. ಜೋಡಿಸಿಬಿಟ್ಟಿದ್ದರೆ ಬಿಚ್ಚಿ, ಓದಿ.

ಪೆಟ್ಟಿಗೆಯಲ್ಲಿ ಏನೇನಿದೆ

ಕಬ್ಬಿಣದ ಕಾಲುಮಣೆಯಂಥ ಚೌಕಟ್ಟು ಒಂದು. ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿಯುವ ತಿರುಪು ಎರಡು. ಗಾಲಿಗೆ ಒತ್ತಿ ನಿಲ್ಲುವ ಉರುಳೆ ಒಂದು, ಅದರ ಪಕ್ಕಕ್ಕೆ ಎಣ್ಣೆ ತುಂಬಿದ ಡಬ್ಬಿ. ಡಬ್ಬಿಯೊಳಗೆ ರೆಕ್ಕೆ ತಿರುಗುತ್ತದೆ. ನೀವು ಜೋರಾಗಿ ತುಳಿದಷ್ಟೂ ಎಣ್ಣೆ ಜೋರಾಗಿ ತಡೆಯುತ್ತದೆ. ಮುಂದಿನ ಗಾಲಿಯ ಕೆಳಗಿಡಲು ಪ್ಲಾಸ್ಟಿಕ್ ಅಚ್ಚು. ಇವಲ್ಲದೆ, ಬೇರೆ ಪಾರ್ಸೆಲ್‌ನಲ್ಲಿ ಬರುವ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಮೀಟರು. ಈ ಕೈಪಿಡಿ ಬಹುಪಾಲು ಆ ಬೆಂಕಿಪೊಟ್ಟಣದ ಕುರಿತು.

ಮನೆಯವರಿಗೆ ತಿಳಿಸುವ ವಿಧಾನ

ಈ ವಸ್ತುವಿನ ಹೆಸರು ಟ್ರೇನರ್. ಹೆಸರನ್ನು ಮನೆಯಲ್ಲಿ ಹೇಳಬೇಡಿ. "ನಾಳೆ ಟ್ರೇನರ್ ಬರ್ತೈತಿ" ಎಂದು ನಾನು ಹೇಳಿದ್ದಕ್ಕೆ ಅವ್ವ ಮಾರನೇ ದಿನ ಎರಡು ಲೋಟ ಹೆಚ್ಚು ಚಹಾ ಇಟ್ಟಿದ್ದಳು. "ಈ ವಯಸ್ಸಿನ್ಯಾಗ ಸೈಕಲ್ ಕಲಿಸಾಕ ಮಾಸ್ತರ್ ಬರ್ತಾರೇನೋ ತಮ್ಮಾ?" ಎಂಬುದು ಅವಳ ಪ್ರಶ್ನೆ. ಪಾರ್ಸೆಲ್ ಬಿಚ್ಚಿ ಜೋಡಿಸಿ ತುಳಿದು ತೋರಿಸಿದ ಮೇಲೆ ಅವಳಿಗೆ ಸಮಾಧಾನವಾಯಿತು. "ಇಷ್ಟ ಏನು, ಸಾಣಿ ಹಿಡಿಯಾವನ ಸೈಕಲ್ ಐತಿ ಇದು" ಎಂದಳು.

ಹನ್ನೊಂದು ಭಾಷೆಯ ಪುಸ್ತಿಕೆ ಹೇಳಲಾರದ್ದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಓಣಿಗೆ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಗಾಲಿಯ ಬಲದಲ್ಲಿ ಸಾಣೆಕಲ್ಲು ತಿರುಗಿಸುವವನು ಬೆಳಗಿನಿಂದ ಸಂಜೆಯವರೆಗೆ ತುಳಿದರೂ ಒಂದು ಗೇಣು ಮುಂದೆ ಹೋಗುವುದಿಲ್ಲ. ಆದರೆ ಅವನು ಕಿಲೊಮೀಟರ್ ಎಣಿಸುವುದಿಲ್ಲ. ಈಳಿಗೆ ಎಷ್ಟು, ಕುಡುಗೋಲು ಎಷ್ಟು ಎಂದು ಎಣಿಸುತ್ತಾನೆ. ನಮ್ಮ ಕಷ್ಟ ಇರುವುದು ಇಲ್ಲೇ. ನಮಗೆ ಮಸೆಯಲು ಏನೂ ಇಲ್ಲ, ಆದ್ದರಿಂದ ಊರು ಬೇಕು, ದೂರ ಬೇಕು, ಎಷ್ಟು ಹೋದೆ ಎಂಬ ಲೆಕ್ಕ ಬೇಕು.

ಊರು ಗೊತ್ತುಮಾಡುವುದು ಸುಲಭ. ನನ್ನ ಅಕ್ಕ ಲಿಂಗಸುಗೂರಿನಲ್ಲಿದ್ದಾಳೆ. ಸಿಂಧನೂರಿನಿಂದ ಮಸ್ಕಿಗೆ ಹೆಚ್ಚೂಕಡಿಮೆ 28 ಕಿ.ಮೀ., ಅಲ್ಲಿಂದ ಲಿಂಗಸುಗೂರಿಗೆ ಮತ್ತೆ ಅಷ್ಟೇ. ಒಟ್ಟು 55ರ ಆಸುಪಾಸು. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಈ ಮೂರೂ ಊರನ್ನು ಒಂದೇ ದಾರಕ್ಕೆ ಪೋಣಿಸಿದೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ಮೂರು ಚುಕ್ಕೆ ಇಟ್ಟೆ. ದಿನಕ್ಕೆ ಹತ್ತು ಕಿಲೊಮೀಟರ್ ತುಳಿದರೆ ಆರನೇ ದಿನ ಅಕ್ಕನ ಮನೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಎಲಿ ಹಾಕಿಸ್ಲೇನು?" ಎಂದಳು.

ಮುಂದಿನ ಗಾಲಿಗೆ ಮೀಟರು ಕಟ್ಟಬೇಡಿ

ಸೈಕಲ್ ಮೀಟರು ಮಾಡುವವರು ರಸ್ತೆಯನ್ನು ಮನಸ್ಸಿನಲ್ಲಿಟ್ಟು ಮಾಡುತ್ತಾರೆ. ಹ್ಯಾಂಡಲ್ ಮೇಲೆ ಅಂಕಿ ತೋರಿಸುವ ಡಬ್ಬಿ, ಅದರಿಂದ ಇಳಿದ ಗೇಣುದ್ದದ ತಂತಿ, ಮುಂದಿನ ಫೋರ್ಕಿಗೆ ಕಟ್ಟುವ ಸೆನ್ಸರ್, ಮುಂದಿನ ಗಾಲಿಯ ಕಡ್ಡಿಗೆ ಸಿಕ್ಕಿಸುವ ಅಯಸ್ಕಾಂತದ ಗುಂಡಿ. ಪುಸ್ತಿಕೆಯ ಚಿತ್ರದಲ್ಲಿದ್ದಂತೆ ನಿಷ್ಠೆಯಿಂದ ಎಲ್ಲ ಕಟ್ಟಿದೆ. ನಲವತ್ತು ನಿಮಿಷ ತುಳಿದೆ. ನೆಲದ ಮೇಲೆ ಬೆವರಿನ ಕೆರೆ. ಮೀಟರಿನಲ್ಲಿ ಸೊನ್ನೆ.

ಟ್ರೇನರ್ ಮೇಲೆ ಮುಂದಿನ ಗಾಲಿ ಪ್ಲಾಸ್ಟಿಕ್ ಅಚ್ಚಿನೊಳಗೆ ಸುಖವಾಗಿ ಮಲಗಿರುತ್ತದೆ. ತಿರುಗುವುದು ಹಿಂದಿನದು ಮಾತ್ರ. ಆದ್ದರಿಂದ ಸೆನ್ಸರನ್ನೂ ಅಯಸ್ಕಾಂತವನ್ನೂ ಹಿಂದಕ್ಕೆ ಒಯ್ಯಿರಿ. ತಂತಿ ಸಾಲುವುದಿಲ್ಲ. ತಂತಿ ಇಲ್ಲದ ಮೀಟರೇ ಬೇಕು. ಈಗೀಗ ಅಯಸ್ಕಾಂತವೂ ಬೇಡದ, ಗಾಲಿಯ ನಡುಗುಂಬಕ್ಕೆ ರಬ್ಬರಿನಿಂದ ಬಿಗಿಯುವ ಸೆನ್ಸರ್‌ಗಳು ಬಂದಿವೆ. ಗಾಲಿಯೊಡನೆ ತಾವೂ ಸುತ್ತಿ ಸುತ್ತನ್ನು ಎಣಿಸುತ್ತವೆ, ಬ್ಲೂಟೂತ್ ಮೂಲಕ ಫೋನಿಗೆ ಸುದ್ದಿ ಕಳಿಸುತ್ತವೆ. ಹಿಂದಿನ ಗಾಲಿಗೆ ಕಟ್ಟಿದರೆ ಮನೆಯಲ್ಲೂ ಆಯಿತು, ರಸ್ತೆಯಲ್ಲೂ ಆಯಿತು. ದಿನವೂ ಬಿಚ್ಚಿ ಕಟ್ಟುವ ತಾಪತ್ರಯವಿಲ್ಲ. ಹಳೇ ಬಗೆಯ ಗುಂಡಿಯದಾದರೆ ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವೆ ಒಂದೆರಡು ನಾಣ್ಯದ ದಪ್ಪದಷ್ಟು ಸಂದಿ ಬಿಡಿ. ಅದರೊಳಗಿನ ಗಾಜಿನ ಕೊಳವೆಯಲ್ಲಿ ಎರಡು ತೆಳು ಲೋಹದ ಪಟ್ಟಿಗಳಿವೆ. ಗುಂಡಿ ಹತ್ತಿರ ಹಾಯ್ದಾಗ ಅವು ಒಂದನ್ನೊಂದು ಮುಟ್ಟುತ್ತವೆ. ಒಂದು ಸಲ ಮುಟ್ಟಿದರೆ ಒಂದು ಸುತ್ತು.

ಇದು ಹೊಸ ಬುದ್ಧಿಯಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರುವಿಯಸ್ ಒಂದು ಗಾಡಿಯನ್ನು ವಿವರಿಸಿದ್ದಾನೆ. ಅದರ ಗಾಲಿ 400 ಸುತ್ತು ತಿರುಗಿದರೆ ಒಂದು ರೋಮನ್ ಮೈಲು. ಆಗ ಹಲ್ಲುಚಕ್ರಗಳ ಮೂಲಕ ಒಂದು ಬೆಣಚುಕಲ್ಲು ಉರುಳಿ ಕಂಚಿನ ಪಾತ್ರೆಗೆ ಠಣ್ ಎಂದು ಬೀಳುತ್ತದೆ. ಸಂಜೆ ಕಲ್ಲು ಎಣಿಸಿದರೆ ಎಷ್ಟು ಮೈಲು ಬಂದೆವು ಎಂದು ಗೊತ್ತು. 1895ರಲ್ಲಿ ಅಮೆರಿಕದ ಕರ್ಟಿಸ್ ವೀಡರ್ ಸೈಕಲ್ಲಿಗೆ ಕಟ್ಟುವ ಪುಟ್ಟ ಮೀಟರು ಮಾಡಿದಾಗಲೂ ಕಡ್ಡಿಗೆ ಕಟ್ಟಿದ ಮೊಳೆ ಸುತ್ತಿಗೊಮ್ಮೆ ಒಂದು ಹಲ್ಲನ್ನು ತಳ್ಳುತ್ತಿತ್ತು, ಅಷ್ಟೇ. ಕಲ್ಲು ಹೋಗಿ ಮೊಳೆ ಬಂತು, ಮೊಳೆ ಹೋಗಿ ಅಯಸ್ಕಾಂತ ಬಂತು. ಯಾವುದೂ ದೂರವನ್ನು ನೋಡಿಲ್ಲ. ಸುತ್ತನ್ನು ನೋಡಿವೆ. ಸುತ್ತನ್ನು ದೂರ ಮಾಡುವುದು ನೀವು ಬಾಯಿಂದ ಹೇಳಿದ ಒಂದು ಅಂಕಿ. ಅದಕ್ಕೆ ಮುಂದಿನ ಭಾಗ.

ಸುತ್ತಳತೆ, ಅಥವಾ ಮೊದಲ ಮೋಸ

ಮೀಟರನ್ನು ಮೊದಲ ಸಲ ಒತ್ತಿದಾಗ ಅದು ನಿಮ್ಮ ಗಾಲಿಯ ಸುತ್ತಳತೆ ಎಷ್ಟು ಮಿಲಿಮೀಟರ್ ಎಂದು ಕೇಳುತ್ತದೆ. ಪುಸ್ತಿಕೆಯಲ್ಲಿ ಪಟ್ಟಿ ಇರುತ್ತದೆ. ನಾನು ಬೆರಳು ಓಡಿಸುತ್ತ ಹೋದೆ. 28 ಕಂಡಿತು. ಅಪ್ಪನ ಸೈಕಲ್ 28 ಇಂಚು. ಮುಂದೆ ಡೈನಮೊ, ಹಿಂದೆ ಕ್ಯಾರಿಯರ್ ಇದ್ದ, ನಮ್ಮ ಮನೆಯ ಇಬ್ಬರು ಮೂವರನ್ನು ಒಟ್ಟಿಗೆ ಹೊತ್ತ ಕಪ್ಪು ಸೈಕಲ್. 28 ಎಂದರೆ ಸೈಕಲ್ಲೇ ಅಲ್ಲವೇ ಎಂದು ಆ ಸಾಲಿನ 2224 ಅನ್ನು ಒತ್ತಿಬಿಟ್ಟೆ. ನನ್ನದು ತೆಳು ಟೈರಿನ 700×25. ಅದಕ್ಕೆ ಪಟ್ಟಿಯಲ್ಲಿ 2105 ಎಂದು ಇತ್ತು. ಸುತ್ತಿಗೆ 12 ಸೆಂಟಿಮೀಟರ್ ಬಡ್ಡಿ.

ಹನ್ನೆರಡು ಸೆಂಟಿಮೀಟರ್ ಏನು ಮಹಾ ಎನ್ನಬೇಡಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಈ ಗಾಲಿ 26 ಸಾವಿರಕ್ಕೂ ಹೆಚ್ಚು ಸಲ ಸುತ್ತಬೇಕು. ಪ್ರತಿ ಸುತ್ತಿಗೂ ಬಡ್ಡಿ ಬಿದ್ದರೆ, ಮೀಟರು 55 ತೋರಿಸಿದ ದಿನ ನಾನು ನಿಜವಾಗಿ 52ರಲ್ಲಿದ್ದೆ. ಅಂದರೆ ಅಕ್ಕನಿಗೆ ಫೋನ್ ಮಾಡಿ "ಬಂದೆ" ಎಂದಾಗ ಊರಿಗಿಂತ ಮೂರು ಕಿಲೊಮೀಟರ್ ಈಚೆ ಯಾರದೋ ತೊಗರಿ ಹೊಲದ ಬದುವಿನಲ್ಲಿ ನಿಂತಿದ್ದೆ.

ಪಟ್ಟಿಯನ್ನು ಪೂರ್ತಿ ನಂಬುವ ಬದಲು ನೀವೇ ಅಳೆಯಿರಿ. ಬೇಕಾದವು: ಸುಣ್ಣದ ತಿಳಿ ಇಲ್ಲವೇ ನೀರಿನಲ್ಲಿ ಕಲಸಿದ ರಂಗೋಲಿ ಪುಡಿ, ಗೌಂಡಿಯ ಟೇಪು, ಹಿಡಿದುಕೊಳ್ಳಲು ಒಬ್ಬ ಹುಡುಗ. ಮೊದಲು ಟೈರಿಗೆ ದಿನವೂ ಇರುವಷ್ಟೇ ಗಾಳಿ ಹೊಡೆಯಿರಿ. ಅಂಗಳದಲ್ಲಿ ನಿಂತು ವಾಲ್ವ್ ನೆಲಕ್ಕೆ ಮುಖ ಮಾಡಿದಲ್ಲಿ ಟೈರಿಗೆ ಸುಣ್ಣದ ಬೊಟ್ಟು ಇಡಿ. ಸೀಟಿನ ಮೇಲೆ ಕೂತು — ನಿಮ್ಮ ಭಾರಕ್ಕೆ ಟೈರು ಸ್ವಲ್ಪ ಕುಗ್ಗಬೇಕು, ಅದೂ ಲೆಕ್ಕಕ್ಕೆ ಸೇರುತ್ತದೆ — ನೆಟ್ಟಗೆ ಮುಂದೆ ಸರಿಯಿರಿ. ನೆಲದ ಮೇಲೆ ಎರಡು ಬೊಟ್ಟು ಬೀಳುತ್ತವೆ. ನಡುವಿನ ದೂರವೇ ನಿಮ್ಮ ಅಂಕಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಅಂಗಳಕ್ಕೆ ಸುಣ್ಣ ಚೆಲ್ಲಿದ್ದನ್ನು ತೊಳೆಯುವುದೂ ಈ ವಿಧಾನದ ಭಾಗವೇ ಎಂದು ನಮ್ಮ ಮನೆಯಲ್ಲಿ ತೀರ್ಪಾಗಿದೆ.

ಮೈಲೋ ಕಿಲೊಮೀಟರೋ

ಎರಡನೇ ಮೋಸ. ಅಂಕಿ ಸರಿಪಡಿಸಿ ಮೀಟರಿನ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ ಹುರುಪಿನಲ್ಲಿ ಅದರ ಮೂಲೆಯ ಅಕ್ಷರ ಬದಲಾದದ್ದನ್ನು ಗಮನಿಸಲಿಲ್ಲ. ಮರುದಿನದಿಂದ ವೇಗ 14ರ ಮೇಲೆ ಏಳದು. ಕಣ್ಣಿಗೆ ಕತ್ತಲೆ ಬರುವಂತೆ ತುಳಿದರೂ 15. ಶಾಲೆಗೆ ಹೋಗುವ ಹುಡುಗಿಯರೂ ಇದಕ್ಕಿಂತ ಜೋರಾಗಿ ಹೋಗುತ್ತಾರೆ ಎಂದು ಅವಮಾನವಾಗಿ ಮೊಣಕಾಲು ನೋಯಿಸಿಕೊಂಡೆ. ಹನ್ನೆರಡನೇ ದಿನ ಗೊತ್ತಾಯಿತು, ಅದು ಮೈಲಿನಲ್ಲಿ ಓದುತ್ತಿತ್ತು. 14 ಮೈಲು ಎಂದರೆ 22.5 ಕಿಲೊಮೀಟರ್. ಮೊಣಕಾಲಿಗೆ ಮೊದಲೇ ಗೊತ್ತಿತ್ತು, ತಲೆಗೆ ತಡವಾಗಿ ತಿಳಿಯಿತು.

ಈ ಸೀಮೆಯವನು ಮೈಲಿನಲ್ಲಿ ಮೋಸಹೋದದ್ದು ನಾಚಿಕೆಗೇಡು. ದೇಶದಲ್ಲಿ ತೂಕ-ಅಳತೆ ಕಾಯ್ದೆ 1956ರಲ್ಲೇ ಬಂತು, ಮೈಲಿಗಲ್ಲೆಲ್ಲ ಕಿಲೊಮೀಟರ್ ಕಲ್ಲಾದವು. ಆದರೆ ತುಂಗಭದ್ರಾ ಎಡದಂಡೆ ಕಾಲುವೆ ಇವತ್ತಿಗೂ ಮೈಲಿನಲ್ಲೇ ಹರಿಯುತ್ತದೆ. ಸಿಂಧನೂರಿನ ಚಹಾದಂಗಡಿಯಲ್ಲಿ ಕೂತವರು ನೀರಿನ ಮಾತೆತ್ತಿದರೆ 47ನೇ ಮೈಲು, 69ನೇ ಮೈಲು, 104ನೇ ಮೈಲು ಎಂದೇ ಶುರು. ಆ ಮೈಲುಗಳಲ್ಲಿ ಗೇಜ್ ಇದೆ, ನೀರಿನ ಎತ್ತರ ಓದುವ ಅಂಕಿಪಟ್ಟಿ. ಗಂಗಾವತಿ, ಕಾರಟಗಿ ಕಡೆಯವರು ಮೇಲೆ, ಮಾನ್ವಿ, ಸಿರವಾರ, ರಾಯಚೂರಿನವರು ಕೊನೆಗೆ, ನಡುವೆ ನಾವು. ಗೇಜಿನಲ್ಲಿ ಇಂತಿಷ್ಟು ಅಡಿ ನಿಲ್ಲಿಸಿ ಎಂದು ಕೆಳಗಿನವರು ರಸ್ತೆ ತಡೆಯುತ್ತಾರೆ, ನಿಲ್ಲಿಸಿದ್ದೇವೆ ಎಂದು ಅಧಿಕಾರಿಗಳು ಕಾಗದ ತೋರಿಸುತ್ತಾರೆ, ನಿಂತದ್ದು ಹೌದು ಎಂದು ಗ್ಯಾಂಗ್‌ಮನ್ ಹೇಳುತ್ತಾನೆ. ಎಲ್ಲರೂ ನಿಜವನ್ನೇ ಹೇಳುತ್ತಿರುತ್ತಾರೆ. ಗೇಜಿನಲ್ಲಿ ನೀರು ಇರುತ್ತದೆ, ಕೊನೆಯ ಹೊಲದಲ್ಲಿ ಇರುವುದಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತುಹೋದಾಗ ಊರಿಗೆ ಊರೇ ಟಿಎಂಸಿ ಲೆಕ್ಕ ಹಾಕುತ್ತ ನಿದ್ದೆಗೆಟ್ಟಿತ್ತು. ಎಂಟನೇ ಇಯತ್ತೆಯ ಹುಡುಗನೂ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಕ್ಯೂಸೆಕ್‌ನಲ್ಲಿ ಹೇಳಬಲ್ಲವನಾಗಿದ್ದ. ಅಂಥ ಊರಿನಲ್ಲಿ ಹುಟ್ಟಿದವನಿಗೆ ಯಾವ ಅಂಕಿ ಕಂಡರೂ ಮೊದಲು ಕೇಳಬೇಕೆನಿಸುವುದು ಒಂದೇ: ಎಲ್ಲಿ ನಿಂತು ಓದಿದ್ದು? ಟ್ರೇನರ್‌ನ ಮೀಟರಿಗೂ ಇದೇ ಪ್ರಶ್ನೆ ಕೇಳಿ. ಅದರ ಗೇಜ್ ಇರುವುದು ಹಿಂದಿನ ಗಾಲಿಯಲ್ಲಿ. ಗಾಲಿಯಲ್ಲಿ ಎಷ್ಟು ಸುತ್ತು ಹರಿಯಿತು ಎಂದು ಅದು ಸತ್ಯವಾಗಿಯೇ ಹೇಳುತ್ತದೆ. ನಿಮ್ಮ ಕಾಲಿನ ಕೊನೆಯ ಹೊಲಕ್ಕೆ ಎಷ್ಟು ಮುಟ್ಟಿತು ಎಂಬುದು ಬೇರೆ ವಿಚಾರ.

ಅಳತೆಯ ಜಗಳ ಹೊಸದೂ ಅಲ್ಲ. ಗೋಡೆಯ ಮೇಲಿನ ನನ್ನ ಎರಡನೇ ಚುಕ್ಕೆ ಮಸ್ಕಿ. ಅಲ್ಲಿಯ ಗುಡ್ಡದ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹುಡುಕುವ ಕೆಲಸ ಚಿನ್ನದ್ದು, ಸಿಕ್ಕದ್ದು ಅಶೋಕನ ಹೆಸರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡವನು ಮಸ್ಕಿಯಲ್ಲಿ ಹೆಸರು ಸಮೇತ ಸಿಕ್ಕಿಬಿದ್ದ. ಈ ಅಶೋಕ ದಾರಿಯುದ್ದಕ್ಕೂ ಬಾವಿ ತೋಡಿಸಿದ್ದನ್ನು ಇನ್ನೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ; ತೋಪ್ರಾದಿಂದ ದೆಹಲಿಗೆ ತಂದು ನಿಲ್ಲಿಸಿದ ಕಂಬದ ಮೇಲೆ ಅದು ಇದೆ. ಎಷ್ಟು ದೂರಕ್ಕೆ ಒಂದು ಬಾವಿ? ಎಂಟು ಕೋಸಿಗೊಂದು ಎಂದು ಕೆಲವು ವಿದ್ವಾಂಸರು ಓದುತ್ತಾರೆ, ಅರ್ಧ ಕೋಸಿಗೊಂದು ಎಂದು ಇನ್ನು ಕೆಲವರು. ಹದಿನಾರರಷ್ಟು ವ್ಯತ್ಯಾಸ! ನಾನು ಮೈಲು-ಕಿಲೊಮೀಟರ್ ಗೊಂದಲದಲ್ಲಿ ತಪ್ಪಿದ್ದು ಒಂದೂವರೆಯಷ್ಟಕ್ಕಿಂತ ಚೂರು ಹೆಚ್ಚು. ಬಾಯಾರಿದವನಿಗೆ ಯಾವ ಓದು ಬೇಕಾಗಿತ್ತೋ ಯಾರೂ ಕೇಳಿಲ್ಲ.

ಉಪಗ್ರಹವನ್ನು ನಂಬುವವರಿಗೆ

ಮೀಟರಿಗೆ ದುಡ್ಡು ಯಾಕೆ, ಫೋನಿನಲ್ಲೇ ಜಿಪಿಎಸ್ ಇದೆಯಲ್ಲ ಎಂದು ಕೇಳುವವರು ಇರುತ್ತಾರೆ. ನಾನೂ ಕೇಳಿದ್ದೆ, ಮೂರನೇ ಮೋಸ ಅದೇ. ಜಿಪಿಎಸ್ ಹೇಳುವುದು ನೀವು ಭೂಮಿಯ ಮೇಲೆ ಎಲ್ಲಿದ್ದೀರಿ ಎಂದು. ನೀವು ಕೋಣೆಯಲ್ಲಿದ್ದೀರಿ. ಒಂದು ಗಂಟೆ ತುಳಿದ ಮೇಲೂ ಕೋಣೆಯಲ್ಲೇ ಇದ್ದೀರಿ. ಪ್ರಾಮಾಣಿಕವಾದ ಜಿಪಿಎಸ್ ಆದರೆ ಸೊನ್ನೆ ಎನ್ನಬೇಕು. ಆದರೆ ಆರ್‌ಸಿಸಿ ಛಾವಣಿಯ ಕೆಳಗೆ ಸಿಗ್ನಲ್ ಮಂಕಾಗಿ ಅದು ನಿಮ್ಮನ್ನು ಹತ್ತು ಮೀಟರ್ ಆಚೆ, ಹದಿನೈದು ಮೀಟರ್ ಈಚೆ ಎಸೆಯುತ್ತಿರುತ್ತದೆ. ಆ ಎಸೆತಗಳನ್ನೆಲ್ಲ ಕೂಡಿ ದೂರ ಎಂದು ತೋರಿಸುತ್ತದೆ. ಗಂಟೆಯ ಕೊನೆಗೆ ನಕ್ಷೆ ತೆರೆದರೆ ಜೇಡನ ಬಲೆಯಂಥ ಗೀಚು. ಅದರ ಪ್ರಕಾರ ನಾನು ನಮ್ಮ ಬಚ್ಚಲಿನಿಂದ ಹೊರಟು, ಪಕ್ಕದ ಮನೆಯವರ ದೇವರಕೋಣೆ ಹಾಯ್ದು, ಹಿಂದಿನವರ ಹಿತ್ತಿಲಲ್ಲಿ ಏಳು ಸಲ ಸುಳಿದಿದ್ದೆ. ಅದನ್ನು ಯಾರಿಗೂ ತೋರಿಸದೆ ಅಳಿಸಿದೆ. ಆ್ಯಪಿನಲ್ಲಿ ಒಳಾಂಗಣ ಸವಾರಿ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಉಪಗ್ರಹವನ್ನು ಬಿಟ್ಟು ಸೆನ್ಸರನ್ನು ಕೇಳುತ್ತದೆ. ಒತ್ತಿ.

ವೇಗದ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬೇಕು

ಈಗ ಸುತ್ತಳತೆ ಸರಿ, ಕಿಲೊಮೀಟರ್ ಸರಿ, ಸೆನ್ಸರ್ ಸರಿ. ಮೀಟರು 30 ಎನ್ನುತ್ತದೆ. ಗಂಟೆಗೆ ಮೂವತ್ತು! ಈ ಲೆಕ್ಕದಲ್ಲಿ ಎರಡು ಗಂಟೆಯೊಳಗೆ ಲಿಂಗಸುಗೂರು. ಎದೆ ಉಬ್ಬಿಸುವ ಮೊದಲು ಆಷಾಢವನ್ನು ನೆನೆಯಿರಿ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವವನು ವಾಯವ್ಯಕ್ಕೆ ಮುಖ ಮಾಡಿ ಹೋಗುತ್ತಾನೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಡುವಣದಿಂದ ಬಯಲ ಮೇಲೆ ಅಡೆತಡೆಯಿಲ್ಲದೆ ನುಗ್ಗುತ್ತದೆ. ತಲೆಯ ಮೇಲಿನ ಮೇವಿನ ಹೊರೆಯೇ ಹಾರಿಹೋಗುವ ಗಾಳಿ. ಗಾಳಿ ಇಲ್ಲದ ದಿನವೂ ಸೈಕಲ್ ಸವಾರ ಸೀಳಬೇಕಾದದ್ದು ಗಾಳಿಯನ್ನೇ. ವೇಗ ಎರಡರಷ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಕೋಣೆಯಲ್ಲಿ ಆ ಗಾಳಿಯೇ ಇಲ್ಲ. ಅದರ ಬದಲು ಡಬ್ಬಿಯೊಳಗಿನ ಎಣ್ಣೆ ಇದೆ. ಎಣ್ಣೆ ಗಾಳಿಯ ಪಾತ್ರವನ್ನು ಅಭಿನಯಿಸುತ್ತದೆ. ಚೆನ್ನಾಗಿಯೇ ಅಭಿನಯಿಸುತ್ತದೆ, ಆದರೆ ಅದೂ ಕಾದ ಮೇಲೆ ಸ್ವಭಾವ ಬದಲಿಸುತ್ತದೆ. ಮೊದಲ ಹತ್ತು ನಿಮಿಷದ 25 ಬೇರೆ, ಅರ್ಧ ಗಂಟೆಯಾದ ಮೇಲಿನ 25 ಬೇರೆ.

ಇನ್ನು ಉರುಳೆಯ ತಿರುಪು. ಸಡಿಲ ಬಿಟ್ಟರೆ ಟೈರು ಜಾರಿ ಗಾಲಿ ಸುಮ್ಮನೆ ಸುತ್ತುತ್ತದೆ, ಮೀಟರು ಖುಷಿಯಿಂದ 38 ಎನ್ನುತ್ತದೆ. ಬಿಗಿ ಮಾಡಿದರೆ ಅದೇ ಬೆವರಿಗೆ 19. ಅಂದರೆ ನಿಮ್ಮ ವೇಗ ನಿಮ್ಮ ಹೆಬ್ಬೆರಳಿನಲ್ಲಿದೆ. ನಾನು ಮಾಡುವುದು ಹೀಗೆ: ಟೈರಿಗೆ ಪ್ರತಿ ಸಲ ಒಂದೇ ಅಳತೆಯ ಗಾಳಿ, ಪಂಪಿನ ಗೇಜ್ ನೋಡಿಯೇ. ಉರುಳೆ ಟೈರನ್ನು ಮುಟ್ಟಿದ ಮೇಲೆ ತಿರುಪು ಎರಡೇ ಸುತ್ತು, ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟು ಗುರುತು. ಅದೇ ಗೇರು. ಇಷ್ಟಾದರೆ ಸೋಮವಾರದ 25ನ್ನು ಗುರುವಾರದ 25ರ ಪಕ್ಕದಲ್ಲಿಟ್ಟು ನೋಡಬಹುದು. ನನ್ನ 25ನ್ನು ನಿಮ್ಮ 25ರ ಪಕ್ಕದಲ್ಲಿ ಇಡಲಾಗದು. ರಸ್ತೆಯ 25ರ ಪಕ್ಕದಲ್ಲಂತೂ ಖಂಡಿತ ಇಡಲಾಗದು.

ದುಡ್ಡಿದ್ದವರು ಇದನ್ನೆಲ್ಲ ದಾಟಿ ವ್ಯಾಟ್ ಲೆಕ್ಕಕ್ಕೆ ಹೋಗುತ್ತಾರೆ. ತುಳಿತದ ಬಲವನ್ನೇ ಅಳೆಯುವ ಮೀಟರನ್ನು ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಮಾಡಿದರು. ಈಗ ಜ್ವಿಫ್ಟ್‌ನಂಥ ಆ್ಯಪುಗಳು ನಿಮ್ಮ ವ್ಯಾಟ್, ನಿಮ್ಮ ತೂಕ, ಎತ್ತರ, ದಾರಿಯ ಏರು ಇವನ್ನೆಲ್ಲ ಕೂಡಿಸಿ ಗಾಲಿಯನ್ನು ಕೇಳದೆಯೇ ವೇಗವನ್ನು ತಾವೇ ಹೇಳುತ್ತವೆ. ಗಾಲಿಯ ಮೀಟರು 28 ಎಂದರೆ ಪರದೆ 33 ಎನ್ನಬಹುದು. ಜಗಳ ಹಚ್ಚಬೇಡಿ; ಒಂದು ಕೋಣೆಯ ವೇಗ, ಇನ್ನೊಂದು ಕಲ್ಪನೆಯ ರಸ್ತೆಯದು. ಅಲ್ಲಿ ಲಂಡನ್ ಇದೆ, ಪ್ಯಾರಿಸ್ ಇದೆ, ವಾಟೋಪಿಯ ಎಂಬ ಹುಟ್ಟಿಸಿಕೊಂಡ ದ್ವೀಪವೂ ಇದೆ. ನಮ್ಮ ಕಡೆಯ ಪಾಮನಕಲ್ಲೂರು ಇಲ್ಲ. ತೂಕವನ್ನು ಕಡಿಮೆ ಹೇಳಿದರೆ ಅಲ್ಲಿ ಏರು ಹತ್ತುವುದು ಸುಲಭ. ಹಾಗೆ ಹೇಳುವವರು ಜಗತ್ತಿನೆಲ್ಲೆಡೆ ಇದ್ದಾರಂತೆ. ಹೆಣ್ಣು ನೋಡಲು ಹೋದಾಗ ಹೊಲದ ಎಕರೆ ಹೆಚ್ಚು ಹೇಳಿದ ಬಾಯಿಗೆ ಇದು ಕಷ್ಟವೇನಲ್ಲ.

ಕರೆಂಟು ಹೋದರೆ

ಎಣ್ಣೆ ಡಬ್ಬಿಯ ಟ್ರೇನರಿಗೆ ಕರೆಂಟು ಬೇಡ. ನಿಮಗೆ ಬೇಕು, ಫ್ಯಾನಿಗೆ. 150 ವ್ಯಾಟ್ ತುಳಿಯುವ ದೇಹ ಸುಮಾರು 500 ವ್ಯಾಟ್ ಬಿಸಿಯನ್ನು ಹೊರಹಾಕುತ್ತದೆ. ಮೇ ತಿಂಗಳಿನಲ್ಲಿ, ಹೊರಗೆ 41 ಡಿಗ್ರಿ ಇರುವಾಗ, ನೀವೇ ಕೋಣೆಗೆ ಹಚ್ಚಿದ ಹೀಟರ್. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇದೆ. ಆದರೂ ಕರೆಂಟು ಹೋಗುತ್ತದೆ. ಒಂದು ಬೇಸಿಗೆ ಸಂಜೆ ಕತ್ತಲಲ್ಲಿ ಕೂತು ಲೆಕ್ಕ ಹಾಕಿದ್ದೆ: ಅಷ್ಟು ಕರೆಂಟನ್ನು ತುಳಿದೇ ತೆಗೆಯಬೇಕೆಂದರೆ ನನ್ನಂಥವರು ಒಂದು ಕೋಟಿ ಹದಿನಾಲ್ಕು ಲಕ್ಷ ಜನ ಒಟ್ಟಿಗೆ ತುಳಿಯಬೇಕು. ನನ್ನೊಬ್ಬನ ತುಳಿತಕ್ಕೆ ಎರಡು ಸೀಲಿಂಗ್ ಫ್ಯಾನು ತಿರುಗುತ್ತವೆ. ಅಪ್ಪನ ಸೈಕಲ್ಲಿನ ಡೈನಮೊ ಮಾಡುತ್ತಿದ್ದದ್ದು ಇದನ್ನೇ. ಟೈರಿಗೆ ಒತ್ತಿದರೆ ದೀಪ. ಜೋರಾಗಿ ತುಳಿದರೆ ಬೆಳಕು ಹೆಚ್ಚು, ನಿಂತರೆ ಕತ್ತಲು. ನನಗೆ ತಿಳಿದ ಮಟ್ಟಿಗೆ ಅದಕ್ಕಿಂತ ನಂಬಿಕಸ್ಥ ವೇಗದ ಮೀಟರು ಇಲ್ಲ. ಸುತ್ತಳತೆಯನ್ನೂ ಕೇಳುತ್ತಿರಲಿಲ್ಲ.

ತಾಳೆ ನೋಡುವುದು

ವರ್ಷಕ್ಕೊಮ್ಮೆಯಾದರೂ ಮೀಟರನ್ನು ನಿಜವಾದ ರಸ್ತೆಯ ಮೇಲೆ ತಾಳೆ ನೋಡಬೇಕು. ಸೆನ್ಸರ್ ಹಿಂದಿನ ಗಾಲಿಯಲ್ಲೇ ಇರುವುದರಿಂದ ಏನನ್ನೂ ಬಿಚ್ಚಬೇಕಿಲ್ಲ, ಸೈಕಲ್ಲನ್ನು ಚೌಕಟ್ಟಿನಿಂದ ಇಳಿಸಿದರೆ ಸಾಕು. ಸಂಕ್ರಾಂತಿ ಕಳೆದ ಒಂದು ಭಾನುವಾರ, ಬಿಸಿಲು ಏರುವ ಮೊದಲು, ಹಾಗೆ ಇಳಿಸಿ ಲಿಂಗಸುಗೂರಿಗೆ ಹೊರಟೆ. "ಈಗ ಖರೇನ ಹೊಂಟೆ?" ಎಂದು ಅವ್ವ ಎರಡು ಸಲ ಕೇಳಿದಳು.

ಹೆದ್ದಾರಿಯ ಕಲ್ಲಿಗೂ ಮೀಟರಿಗೂ ಹತ್ತು ಕಿಲೊಮೀಟರಿಗೆ ಐವತ್ತು ಮೀಟರ್ ಕೂಡ ಹೆಚ್ಚುಕಡಿಮೆ ಬರಲಿಲ್ಲ. ಸುಣ್ಣದ ಬೊಟ್ಟು ಕೈಬಿಡಲಿಲ್ಲ. ಕೈಬಿಟ್ಟದ್ದು ವೇಗ. ಮನೆಯಲ್ಲಿ ಹರಟುತ್ತ ತುಳಿಯುತ್ತಿದ್ದ ಅದೇ ಗೇರಿನಲ್ಲಿ, ಹಲ್ಲು ಕಚ್ಚಿ ತುಳಿದರೂ ಮೀಟರು 20, 21. ಗಾಳಿ ಎದುರಾದಲ್ಲಿ 17. ಒಂದು ಕಡೆ ಟ್ರಾಕ್ಟರ್ ಬಿಟ್ಟುಹೋದ ಎರೆಮಣ್ಣಿನ ಹೆಂಟೆಗಳ ನಡುವೆ 11. ಮಹಡಿಯ ಮೇಲೆ 56 ನಿಮಿಷಕ್ಕೆ ಬರುತ್ತಿದ್ದ ಮಸ್ಕಿ ಒಂದೂವರೆ ಗಂಟೆ ದಾಟಿದರೂ ಬರಲಿಲ್ಲ. ಗುಡ್ಡ ಕಂಡ ಮೇಲೂ ಬಹಳ ಹೊತ್ತು ಕಾಣುತ್ತಲೇ ಇತ್ತು. ಗೋಡೆಯ ಮೇಲಿನ ಚುಕ್ಕೆಗೆ ಈ ಗುಣ ಇರಲಿಲ್ಲ. ಮಸ್ಕಿಯಲ್ಲಿ ಮೆಣಸಿನಕಾಯಿ ಬಜ್ಜಿ, ಎರಡು ಚಹಾ. ಅದನ್ನು ಎಣಿಸುವ ಸೆನ್ಸರ್ ಇಲ್ಲ.

ಅಕ್ಕನ ಮನೆಯ ಮುಂದೆ ಇಳಿದಾಗ ಮೀಟರು 55.3. ಕಾಲು ನೆಲ ಹಿಡಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಸೈಕಲ್ ಒರಗಿಸಿ ಒಳಗೆ ಹೋದೆ. ಅಕ್ಕ ಈ ಸಲ ನಿಜವಾಗಿಯೇ ಎಲೆ ಹಾಕಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು. ಕೈ ತೊಳೆದು ಹೊರಬಂದರೆ ಅವಳ ಮಕ್ಕಳಿಬ್ಬರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಪೆಡಲನ್ನು ಕಬ್ಬಿನ ಹಾಲಿನ ಗಾಣದಂತೆ ಕೈಯಿಂದ ಗರಗರ ತಿರುಗಿಸುತ್ತಿದ್ದರು. ಹಿಂದಿನ ಗಾಲಿ ಕಾಣದಷ್ಟು ಜೋರಾಗಿ ಸುತ್ತುತ್ತಿತ್ತು.

ಬಗ್ಗಿ ಮೀಟರು ನೋಡಿದೆ. 61.4.

"ಎಲ್ಲಿಗಿ ಹೊಂಟೀರಿ?" ಎಂದೆ.

"ಹಟ್ಟಿಗಿ, ಮಾಮಾ. ಇನ್ನ ಹನ್ನೆರಡು ಆದ್ರ ಬರ್ತೈತಿ" ಎಂದಿತು ಸಣ್ಣದು, ಕೈ ನಿಲ್ಲಿಸದೆ.